ಒಂದು ಸಾಲಿನ ಸಾಲ

ಒಂದರಿಂದ ನೂರರವರೆಗಿನ ಸಂಖ್ಯೆಗಳನ್ನೆಲ್ಲ ಕೂಡಿಸಿ ಮೊತ್ತ ಹೇಳು ಎಂದು ಕಂಪ್ಯೂಟರಿಗೆ ಅಪ್ಪಣೆ ಕೊಡಬೇಕಾಗಿದೆ. ಕೆಲಸ ಇಷ್ಟೇ. ಆದರೆ ಅಪ್ಪಣೆ ಯಾವ ಭಾಷೆಯಲ್ಲಿದೆ ಎಂಬುದರ ಮೇಲೆ ಅದು ಉದ್ದವೂ ಆದೀತು, ಗಿಡ್ಡವೂ ಆದೀತು. 1972ರ ಸುಮಾರಿಗೆ ಡೆನಿಸ್ ರಿಚಿ ರೂಪಿಸಿದ ಸಿ ಭಾಷೆಯಲ್ಲಾದರೆ ಮೊತ್ತಕ್ಕೆ ಒಂದು ಜಾಗ ಗೊತ್ತುಮಾಡಿ ಅಲ್ಲಿ ಸೊನ್ನೆ ಇಡಬೇಕು. ಎಣಿಸಲು ಇನ್ನೊಂದು ಜಾಗ ಬೇಕು. ನೂರು ಮುಟ್ಟುವ ತನಕ ಸುತ್ತಬೇಕು, ಸುತ್ತಿದಷ್ಟು ಸಲ ಕೂಡಿಸಬೇಕು, ಕೊನೆಗೆ ಪರದೆಯ ಮೇಲೆ ಬರೆಸಬೇಕು. ಏಳೆಂಟು ಸಾಲು ಹಿಡಿಯುತ್ತದೆ. 1995ರಲ್ಲಿ ಬಂದ ಜಾವಾದ ರೂಢಿಯಲ್ಲಿ ಇಷ್ಟಕ್ಕೂ ಹೊರಗೆ ಒಂದು ಕ್ಲಾಸಿನ ಕಟ್ಟು ಹಾಕಬೇಕು. 1991ರ ಪೈಥಾನಿನಲ್ಲಿ ಒಂದೇ ಸಾಲು: ಪ್ರಿಂಟ್, ಸಮ್, ರೇಂಜ್, ಮತ್ತು ಎರಡು ಸಂಖ್ಯೆ. ನೂರರವರೆಗೆ ಬೇಕಾದಾಗ ನೂರಾ ಒಂದು ಎಂದು ಬರೆಯಬೇಕು ಎಂಬುದೊಂದು ನೆನಪಿನಲ್ಲಿದ್ದರೆ ಸಾಕು. ಕೆನೆತ್ ಐವರ್ಸನ್ ಎಂಬ ಗಣಿತಜ್ಞ 1962ರಲ್ಲಿ ಪುಸ್ತಕ ಬರೆದು ಲೋಕದ ಮುಂದಿಟ್ಟ ಎಪಿಎಲ್ ಭಾಷೆಯಲ್ಲಂತೂ ನಾಲ್ಕೇ ಗುರುತು. ಕೂಡುವ ಚಿಹ್ನೆ, ಒಂದು ಓರೆಗೆರೆ, ಗ್ರೀಕರ ಅಯೋಟಾ ಅಕ್ಷರ, ಆಮೇಲೆ ನೂರು. ಮುಗಿಯಿತು.

ಇಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗಳು ಈ ನಾಲ್ಕನ್ನೂ ಒಂದೇ ಹಾಳೆಯ ಮೇಲೆ ಬರೆದು ನನ್ನ ಮುಂದಿಟ್ಟಳು. "ಮಾಮಾ, ನಾಕೂ ಒಂದೇ ಕೆಲಸ ಮಾಡತಾವು. ಹಂಗಾರ ಎಲ್ಲಾಕಿಂತ ಗಿಡ್ಡ ಇದ್ದದ್ದೇ ಚಲೋ ಭಾಷಾ ಅಲ್ಲೇನು?" ಎಂದು ಕೇಳಿದಳು. "ನೋಡವ್ವಾ, ಅದಕ್ಕಿಂತ ಗಿಡ್ಡಂದೂ ಐತಿ" ಎಂದು ನಾನು ಅದೇ ಹಾಳೆಯ ಕೆಳಗೆ ನೂರನ್ನು ನೂರಾ ಒಂದರಿಂದ ಗುಣಿಸಿ ಅರ್ಧ ಮಾಡಿದೆ. 5050. ಬಾಲಕ ಗೌಸ್ ಶಾಲೆಯಲ್ಲಿ ಹೀಗೇ ಲೆಕ್ಕ ಹಾಕಿ ಮಾಸ್ತರರನ್ನು ಬೆರಗುಗೊಳಿಸಿದನೆಂದು ಕತೆಯಿದೆ. ಇಲ್ಲಿ ಗಿಡ್ಡವಾದದ್ದು ಭಾಷೆಯಿಂದಾಗಿ ಅಲ್ಲ, ಲೆಕ್ಕದ ಒಳಗುಟ್ಟು ಗೊತ್ತಾದದ್ದರಿಂದ. ಅವಳಿಗೆ ಅಷ್ಟಕ್ಕೆ ಸಮಾಧಾನವಾಯಿತು. ನನ್ನನ್ನು ಮಾತ್ರ ಅವಳ ಪ್ರಶ್ನೆ ಹಿಡಿದುಕೊಂಡಿತು. ಗಿಡ್ಡದಾಗಿ ಹೇಳುವ ಶಕ್ತಿ ಎಲ್ಲಿಂದ ಬರುತ್ತದೆ? ಉದ್ದವಾಗಿದ್ದ ಮಾತು ಎಲ್ಲಿಗೆ ಹೋಗುತ್ತದೆ? ನಮ್ಮ ಸೀಮೆಯ ನಾಲ್ಕು ಊರು ಈ ಪ್ರಶ್ನೆಗೆ ನಾಲ್ಕು ರೀತಿಯ ಉತ್ತರ ಇಟ್ಟುಕೊಂಡಿವೆ ಎಂದು ನನಗೆ ಅನ್ನಿಸುತ್ತದೆ.

ಮೊದಲು ಬನಹಟ್ಟಿಗೆ ಹೋಗೋಣ. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಹೊತ್ತು ಹುಟ್ಟುವ ಮೊದಲೇ ಮಗ್ಗದ ಸಪ್ಪಳ ಹುಟ್ಟಿರುತ್ತದೆ. ಸೀರೆಗೆ ದಡಿ ಬೇಕು, ದಡಿಯಲ್ಲಿ ಹೂವು ಬೇಕು. ಹೂವನ್ನು ಮೊದಲು ಚೌಕುಳಿಯ ಗ್ರಾಫ್ ಹಾಳೆಯ ಮೇಲೆ ಬರೆಯುತ್ತಾರೆ. ಅಡ್ಡ ಸಾಲೊಂದು ಒಂದು ಹೊಕ್ಕಿಗೆ, ನಿಂತ ಸಾಲೊಂದು ಒಂದು ಹಾಸಿನ ಎಳೆಗೆ. ಆ ಹಾಳೆ ನೋಡಿಕೊಂಡು ದಪ್ಪ ಕಾರ್ಡುಗಳಲ್ಲಿ ತೂತು ಹೊಡೆಯುತ್ತಾರೆ, ಒಂದು ಹೊಕ್ಕಿಗೆ ಒಂದು ಕಾರ್ಡು. ಮಗ್ಗದ ನೆತ್ತಿಯ ಮೇಲೆ ಕೂತ ಜಕಾರ್ಡ್ ಯಂತ್ರದ ಸೂಜಿಗಳು ಕಾರ್ಡಿಗೆ ತಾಗುತ್ತವೆ. ತೂತು ಸಿಕ್ಕ ಸೂಜಿ ಒಳಗೆ ಹೋಗುತ್ತದೆ, ಅದರ ಕೊಕ್ಕೆ ಮೇಲೇಳುತ್ತದೆ, ಕೊಕ್ಕೆಗೆ ಕಟ್ಟಿದ ಎಳೆ ಎದ್ದು ಲಾಳಿಗೆ ದಾರಿ ಬಿಡುತ್ತದೆ. ತೂತು ಸಿಗದ ಸೂಜಿಯ ಎಳೆ ಕೆಳಗೇ ಉಳಿಯುತ್ತದೆ. ಕಂಪ್ಯೂಟರಿನ ಒಂದು ಮತ್ತು ಸೊನ್ನೆಗಳ ಲೋಕ ಇಲ್ಲಿ ಕಣ್ಣಿಗೆ ಕಾಣುವಂತೆ ನಡೆದಿರುತ್ತದೆ.

ಈಗ ಲೆಕ್ಕ ನೋಡಿ. ಇಂಚಿಗೆ ಐವತ್ತು ಹೊಕ್ಕು ಎಂದು ಹಿಡಿದರೂ ಐದೂವರೆ ಮೀಟರಿನ ಸೀರೆಗೆ ಹತ್ತು ಸಾವಿರಕ್ಕೂ ಹೆಚ್ಚು ಹೊಕ್ಕು ಬೀಳಬೇಕು. ಅಷ್ಟಕ್ಕೂ ಕಾರ್ಡು ಹೊಡೆಯುತ್ತ ಕೂತರೆ ಮನೆ ನಡೆಯುವುದು ಹೇಗೆ? ಹೂವು ತೊಂಬತ್ತಾರು ಹೊಕ್ಕಿನಲ್ಲಿ ಮುಗಿಯುವುದಾದರೆ ಕಾರ್ಡೂ ತೊಂಬತ್ತಾರೇ. ಕೊನೆಯ ಕಾರ್ಡನ್ನು ಮೊದಲನೆಯದಕ್ಕೆ ಹೊಲಿದು ಮಾಲೆ ಮಾಡಿಬಿಟ್ಟರೆ ಅದು ತಿರುಗಿ ತಿರುಗಿ ಇಡೀ ದಡಿಯನ್ನು ನೇಯಿಸುತ್ತದೆ. ಪ್ರೋಗ್ರಾಮಿನವರು ಲೂಪ್ ಎನ್ನುವುದು ಇದನ್ನೇ. ಹೂವಿನ ಮೇಲರ್ಧವೂ ಕೆಳಗಿನ ಅರ್ಧವೂ ಕನ್ನಡಿಯಲ್ಲಿ ಕಂಡಂತೆ ಒಂದೇ ಆಗಿದ್ದರೆ ಮಾಲೆಯನ್ನು ಅರ್ಧಕ್ಕೆ ಇಳಿಸಿ, ತುದಿ ಮುಟ್ಟಿದ ಮೇಲೆ ಹಿಂದಕ್ಕೆ ತಿರುಗಿಸಬಹುದು. ಎಡ ಬಲ ಒಂದೇ ಆಗಿದ್ದರೆ ಒಂದೇ ಕೊಕ್ಕೆಗೆ ಎರಡು ಕಡೆಯ ಎಳೆಗಳ ದಾರ ಕಟ್ಟಿ ಕೊಕ್ಕೆಗಳನ್ನೂ ಅರ್ಧಕ್ಕೆ ಇಳಿಸಬಹುದು. ಹೂವು ಅದೇ, ಬರಹ ಮಾತ್ರ ಕಾಲು ಭಾಗಕ್ಕೆ ಬಂತು.

ಇದನ್ನು ನಾನು ಮೆಚ್ಚಿ ಮಾತಾಡುತ್ತಿದ್ದಾಗ ಮಗ್ಗದ ಹಿರಿಯರು ಕೈ ನಿಲ್ಲಿಸದೇ ಹೇಳಿದರು: "ಕಾರ್ಡ್ ಕಮ್ಮಿ ಆತಂದ್ರ ಕೆಲಸ ಕಮ್ಮಿ ಆತಂತ ತಿಳೀಬ್ಯಾಡ್ರಿ ಸರ. ದಾರ ಕಟ್ಟೂ ಮುಂದ ಆ ಕೆಲಸ ಆಗಿ ಹೋಗಿರತೈತಿ." ನನ್ನ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಕಾರ್ಡಿನಿಂದ ಹೋದ ಉದ್ದ ದಾರದ ಕಟ್ಟಿನಲ್ಲಿ ಕೂತಿದೆ. ಸಾವಿರಾರು ಗಂಟುಗಳನ್ನು ಯಾರೋ ತಾಳ್ಮೆಯಿಂದ ಒಮ್ಮೆ ಕಟ್ಟಿಟ್ಟಿದ್ದಾರೆ. ಆಮೇಲೆ ಬರುವ ಪ್ರತಿ ವಿನ್ಯಾಸವೂ ಅದರ ಮೇಲೆ ಹಗುರಾಗಿ ಬರುತ್ತದೆ.

ಫ್ರಾನ್ಸಿನ ಲಿಯಾನ್ ನಗರದಲ್ಲಿ ಜೋಸೆಫ್ ಮರೀ ಜಕಾರ್ಡ್ ಈ ಯಂತ್ರವನ್ನು 1804ರ ಹೊತ್ತಿಗೆ ಒಂದು ಹದಕ್ಕೆ ತಂದ. ಮುಂದೆ 1839ರಲ್ಲಿ ಅವನದೇ ಚಿತ್ರವನ್ನು ರೇಷ್ಮೆಯಲ್ಲಿ ನೇಯಲು ಇಪ್ಪತ್ನಾಲ್ಕು ಸಾವಿರ ಕಾರ್ಡು ಬೇಕಾದವು. ಮನುಷ್ಯನ ಮುಖ ದಡಿಯ ಹೂವಿನಂತೆ ಮರಳಿ ಮರಳಿ ಬರುವುದಿಲ್ಲವಲ್ಲ. ಲಂಡನ್ನಿನ ಚಾರ್ಲ್ಸ್ ಬಾಬೇಜ್ ಆ ಚಿತ್ರವನ್ನು ತನ್ನ ಮನೆಯಲ್ಲಿಟ್ಟುಕೊಂಡಿದ್ದ. ಅವನು ಕಲ್ಪಿಸಿದ ಗಣಕಯಂತ್ರಕ್ಕೂ ತೂತಿನ ಕಾರ್ಡೇ ಆಧಾರ. ಆ ಯಂತ್ರ ಬೀಜಗಣಿತದ ವಿನ್ಯಾಸ ನೇಯುವುದು ಜಕಾರ್ಡ್ ಮಗ್ಗ ಹೂವು ಎಲೆ ನೇಯ್ದ ಹಾಗೆಯೇ ಎಂಬ ಅರ್ಥದ ಮಾತನ್ನು ಏಡಾ ಲವ್‌ಲೇಸ್ 1843ರಲ್ಲಿ ಬರೆದಳು. ಇಂದು ಪ್ರೋಗ್ರಾಮಿಂಗ್ ಭಾಷೆಗಳ ಬಗ್ಗೆ ಮಾತಾಡಲು ಬನಹಟ್ಟಿಯಿಂದ ಹೊರಟರೆ ಅದು ದೂರದ ಸಂಬಂಧವೇನಲ್ಲ, ರಕ್ತಸಂಬಂಧವೇ.

ಆ ನೇಕಾರರು ಹೇಳಿದ್ದನ್ನೇ ರಷ್ಯದ ಆಂದ್ರೇ ಕೊಲ್ಮೊಗೊರೊವ್ 1965ರಲ್ಲಿ ಗಣಿತದಲ್ಲಿ ಹೇಳಿದ. ಒಂದು ವಸ್ತುವನ್ನು ಉಂಟುಮಾಡಬಲ್ಲ ಅತಿ ಗಿಡ್ಡ ಪ್ರೋಗ್ರಾಮು ಎಷ್ಟು ಉದ್ದವೋ ಅಷ್ಟೇ ಆ ವಸ್ತುವಿನ ನಿಜವಾದ ಜಟಿಲತೆ ಎಂದು ಅವನು ಅಳತೆ ಕಟ್ಟಿದ. ಭಾಷೆ ಬದಲಾದರೆ ಉದ್ದ ಬದಲಾಗುತ್ತದಲ್ಲ ಎಂದರೆ, ಬದಲಾಗುತ್ತದೆ, ಆದರೆ ಒಂದು ಮಿತಿಯೊಳಗೆ. ಎರಡು ಸರ್ವಸಮರ್ಥ ಭಾಷೆಗಳ ನಡುವೆ ಒಬ್ಬ ದುಭಾಷಿಯನ್ನು ಬರೆದು ಇಟ್ಟುಕೊಂಡರೆ ಆಯಿತು. ಆ ದುಭಾಷಿಯನ್ನು ಬರೆಯಲು ಎಷ್ಟು ಉದ್ದ ಬೇಕೋ ಅದಕ್ಕಿಂತ ಹೆಚ್ಚಿನ ಲಾಭ ಯಾವ ಕೆಲಸದಲ್ಲೂ ಒಂದು ಭಾಷೆಗೆ ಇನ್ನೊಂದರ ಮೇಲೆ ಸಿಗುವುದಿಲ್ಲ. ಪೈಥಾನಿನ ಒಂದು ಸಾಲಿನ ಹಿಂದೆ ಸಿ ಭಾಷೆಯಲ್ಲಿ ಬರೆದ ಲಕ್ಷಾಂತರ ಸಾಲುಗಳಿವೆ. ನಮ್ಮ ಸಮ್ ಎಂಬ ಪದ ಅಲ್ಲಿ ಹೋಗಿ ಸುತ್ತು ಹಾಕಿ ಕೂಡಿಸಿಕೊಂಡೇ ಬರುತ್ತದೆ.

ಹಾಗಾದರೆ ಎಪಿಎಲ್ಲಿನ ಗುರುತುಗಳ ಗಿಡ್ಡತನದಲ್ಲಿ ಬೇರೆ ಏನೂ ಇಲ್ಲವೇ ಎಂದರೆ, ಇದೆ. ಅದಕ್ಕೆ ಜಮಖಂಡಿಗೆ ಬರಬೇಕು. ಪಟವರ್ಧನರ ಈ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ಸೇರುವ ತನಕ ಇಲ್ಲಿ ಮರಾಠಿ ದಫ್ತರದ ಭಾಷೆಯಾಗಿತ್ತು. ಹಳೆಯ ಮರಾಠಿ ದಫ್ತರವೆಂದರೆ ಮೋಡಿ ಲಿಪಿ. ಮರಾಠಿಗೆ ಎರಡು ಉಡುಪು. ಗ್ರಂಥಕ್ಕೆ ಬಾಳಬೋಧ, ಅಂದರೆ ದೇವನಾಗರಿ. ಲೆಕ್ಕಪತ್ರಕ್ಕೆ ಮೋಡಿ. ಮೋಡಿಯಲ್ಲಿ ಲೇಖನಿ ಎತ್ತದೇ ಅಕ್ಷರದಿಂದ ಅಕ್ಷರಕ್ಕೆ ಹರಿಯುತ್ತ ಹೋಗಬಹುದು. ಹ್ರಸ್ವ ಇಕಾರ, ದೀರ್ಘ ಈಕಾರ ಎಂಬ ಭೇದವನ್ನು ಕಾರಕೂನ ಸಾಮಾನ್ಯವಾಗಿ ತೋರಿಸುವುದಿಲ್ಲ. ಪದ ಯಾವುದೆಂದು ಓದುವವನಿಗೆ ಗೊತ್ತಿದೆ ಎಂಬ ನಂಬಿಕೆ. ಬರೆಯುವವನ ಶ್ರಮ ಎಷ್ಟು ಉಳಿಯಿತೋ ಅಷ್ಟು ಓದುವವನ ತಲೆಗೆ ಬಂತು. ಅವನು ಅದೇ ಕಚೇರಿಯಲ್ಲಿ ಪಳಗಿದವನಾದ್ದರಿಂದ ಹೊತ್ತುಕೊಂಡ. ಎಪಿಎಲ್ಲಿನ ಗಿಡ್ಡತನ ಈ ಜಾತಿಯದು. ಅದರ ಗುರುತುಗಳು ಸಾಮಾನ್ಯ ಕೀಲಿಮಣೆಯಲ್ಲಿ ಇರಲಿಲ್ಲ. ಐಬಿಎಂ ಅದಕ್ಕೆಂದೇ ಟೈಪ್‌ರೈಟರಿನ ಅಚ್ಚಿನ ಗುಂಡನ್ನು ಬೇರೆ ಮಾಡಿಸಬೇಕಾಯಿತು. ಪಳಗಿದವರಿಗೆ ಅದು ಯೋಚನೆಯ ವೇಗವನ್ನೇ ಹೆಚ್ಚಿಸಿತು. ಸಂಕೇತವೆಂಬುದು ಚಿಂತನೆಯ ಉಪಕರಣ ಎಂಬುದೇ 1979ರಲ್ಲಿ ಐವರ್ಸನ್ನನಿಗೆ ಟ್ಯೂರಿಂಗ್ ಪ್ರಶಸ್ತಿ ಬಂದಾಗ ಅವನ ಉಪನ್ಯಾಸದ ವಿಷಯವಾಗಿತ್ತು. ಆದರೆ ಪಳಗಿದವರ ಸಂಖ್ಯೆ ಕಡಿಮೆಯಾದರೆ ಬರಹ ಬೀಗ ಬಿದ್ದ ಪೆಟ್ಟಿಗೆಯಾಗುತ್ತದೆ. ಮೋಡಿ ಓದಬಲ್ಲವರು ಇಂದು ವಿರಳ. ಅಜ್ಜ ಮುತ್ತಜ್ಜಂದಿರ ಖರೀದಿ ಪತ್ರ ಕೈಯಲ್ಲಿ ಹಿಡಿದುಕೊಂಡು ಓದುವವರಿಗಾಗಿ ಹುಡುಕುವ ಮನೆತನಗಳು ಈ ಭಾಗದಲ್ಲಿ ಈಗಲೂ ಇವೆ.

ಓದುವವನ ಮೇಲೆ ಇಷ್ಟು ಭಾರ ಹಾಕಬಾರದೆಂದು ನಿರ್ಧರಿಸಿದ ಭಾಷೆಯೂ ಇದೆ. 1959ರಲ್ಲಿ ರೂಪುಗೊಳ್ಳತೊಡಗಿದ ಕೋಬಾಲ್. ಅದರ ಹಿಂದೆ ಗ್ರೇಸ್ ಹಾಪರ್ ಅವರ ದುಡಿಮೆಯಿತ್ತು. ದರವನ್ನು ನಗದಿಂದ ಗುಣಿಸಿ ಬಂದದ್ದನ್ನು ಮೊತ್ತಕ್ಕೆ ಕೊಡು ಎಂಬಂಥ ಪೂರ್ಣ ಇಂಗ್ಲಿಷ್ ವಾಕ್ಯಗಳಲ್ಲೇ ಅಲ್ಲಿ ಲೆಕ್ಕ ನಡೆಯುತ್ತದೆ. ಮಾತು ಬಹಳ ಉದ್ದವೆಂದು ಅದನ್ನು ಹಳಿದವರು ಬಹಳ ಜನ. ನನಗೆ ಅದರ ಉದ್ದದಲ್ಲಿ ಒಂದು ಮರ್ಯಾದೆ ಕಾಣುತ್ತದೆ. ಬ್ಯಾಂಕಿನ ಲೆಕ್ಕವನ್ನು ಬರೆದವನು ನಿವೃತ್ತನಾಗಿ ಹೋದ ಮೇಲೂ ಇನ್ನೊಬ್ಬ ಓದಿ ತಿದ್ದಬೇಕು ಎಂಬ ಎಚ್ಚರ ಅದರಲ್ಲಿದೆ.

ಉದ್ದದ ಮರ್ಯಾದೆ ಏನೆಂದು ಬೀಳಗಿಗೆ ಹೋದಾಗ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬೀಳಗಿ ತಾಲೂಕಿನ ಎಷ್ಟೋ ಹೊಲ, ಹಳ್ಳಿಗಳನ್ನು ನುಂಗಿದೆ. ನಮ್ಮ ಕಡೆ ಉತಾರ ಎನ್ನುವ ಕಾಗದದಲ್ಲಿ ಒಂದು ಹೊಲದ ಸಂಗತಿಯೆಲ್ಲ ಕೆಲವು ಕಾಲಮ್ಮುಗಳಲ್ಲಿ ಅಡಗುತ್ತದೆ. ಸರ್ವೆ ನಂಬರು, ಎಕರೆ, ಗುಂಟೆ, ಖರಾಬು, ಆಕಾರ, ಕಬ್ಜೇದಾರರ ಹೆಸರು. ಅದು ಗಿಡ್ಡವಾಗಿರುವುದರಿಂದಲೇ ರಾಜ್ಯದ ಹೊಲಗಳನ್ನೆಲ್ಲ ಒಂದೇ ಪದ್ಧತಿಯಲ್ಲಿ ಎಣಿಸಲು ಬರುತ್ತದೆ, ಆ ಉಪಯೋಗ ಸಣ್ಣದಲ್ಲ. ಜಮೀನು ಸ್ವಾಧೀನವಾದ ದಿನ ಆ ಕಾಲಮ್ಮಿನಲ್ಲಿ ಒಂದು ಹೆಸರು ಹೋಗಿ ಇನ್ನೊಂದು ಬರುತ್ತದೆ. ಅಷ್ಟರಲ್ಲಿ ಮುಗಿಯಿತು. ಅದೇ ಹೊಲದ ಸಂಗತಿಯನ್ನು ಪುನರ್ವಸತಿ ಕೇಂದ್ರದ ಕಟ್ಟೆಯ ಮೇಲೆ ಕೂತ ಒಬ್ಬ ಅಜ್ಜಿಯ ಬಾಯಲ್ಲಿ ಕೇಳಿ. ಎರಿ ಮಣ್ಣು ಯಾವ ಮಳೆಗೆ ಹದ ಬರುತ್ತಿತ್ತು, ಬದುವಿನ ಬನ್ನಿ ಗಿಡದ ನೆರಳಲ್ಲಿ ಯಾರ ತೊಟ್ಟಿಲು ತೂಗಿತ್ತು, ಹೊಳೆ ಇಳಿದ ಮೇಲೆ ಏನು ಬಿತ್ತುತ್ತಿದ್ದರು ಎಂದು ಆಕೆ ಸಂಜೆಯ ತನಕ ಹೇಳುತ್ತಾಳೆ. ಎರಡೂ ಒಂದೇ ಹೊಲದ ವರ್ಣನೆ. ಕಾಲಮ್ಮಿಗೆ ಹಿಡಿಸದ್ದನ್ನು ಉತಾರ ಬಿಟ್ಟಿದೆ, ಬಿಟ್ಟದ್ದನ್ನು ಉತಾರದಿಂದ ಮರಳಿ ಪಡೆಯಲಾಗದು. ಬನಹಟ್ಟಿಯ ಕಾರ್ಡಿನ ಮಾಲೆಯಿಂದ ಇಡೀ ದಡಿ ಮರಳಿ ಬರುತ್ತದೆ. ಮಡಿಚಿಟ್ಟ ಗಿಡ್ಡತನ ಬೇರೆ, ಕತ್ತರಿಸಿದ ಗಿಡ್ಡತನ ಬೇರೆ. ಕಲಿಯುವ ಮಕ್ಕಳಿಗೆ ನಾನು ಮೊದಲು ಹೇಳಬೇಕೆಂದುಕೊಂಡಿರುವ ಭೇದ ಇದು.

ಮಡಿಚಿಡುವ ಕಲೆಯ ದೊಡ್ಡ ಗುರು ಮುಧೋಳದವನು. 949ರಲ್ಲಿ ಹುಟ್ಟಿದ ರನ್ನ ತನ್ನ ಊರನ್ನು ಜಂಬುಖಂಡಿ ಎಪ್ಪತ್ತು ಎಂಬ ನಾಡಿನ ಮುದುವೊಳಲು ಎಂದು ಗುರುತಿಸಿಕೊಂಡಿದ್ದಾನೆ. ಬಳೆಗಾರರ ಕುಲ, ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ವ್ಯಾಸರ ಭಾರತ ಲಕ್ಷ ಶ್ಲೋಕದ್ದೆಂದು ಪ್ರತೀತಿ. ಪಂಪ 941ರ ಹೊತ್ತಿಗೆ ಅದನ್ನು ಹದಿನಾಲ್ಕು ಆಶ್ವಾಸಗಳಲ್ಲಿ ಹೇಳಿದ. ರನ್ನ ಇಡೀ ಕತೆಯನ್ನು ಮೊದಲಿನಿಂದ ಹೇಳಲು ಹೋಗಲೇ ಇಲ್ಲ. ಯುದ್ಧದ ಕೊನೆಯ ದಿನದಲ್ಲಿ ನಿಂತುಕೊಂಡ. ಸಿಂಹ ಹೆಜ್ಜೆ ಹಾಕುತ್ತ ಹಿಂತಿರುಗಿ ನೋಡುವ ಕ್ರಮದಲ್ಲಿ ಆ ಒಂದು ದಿನದಿಂದ ಹಿಂದಿನದನ್ನೆಲ್ಲ ನೋಡಿದ. ದ್ಯೂತ, ವಸ್ತ್ರಾಪಹರಣ, ವನವಾಸ, ಅಭಿಮನ್ಯು, ಕರ್ಣ ಎಲ್ಲವೂ ಭೀಮನ ಸಿಟ್ಟಿನಲ್ಲಿ, ದುರ್ಯೋಧನನ ಅಳಲಿನಲ್ಲಿ ನೆನಪಾಗಿ ಬರುತ್ತವೆ. ಹತ್ತೇ ಆಶ್ವಾಸಗಳ ಗದಾಯುದ್ಧದಲ್ಲಿ ಮಹಾಭಾರತ ಪೂರ್ತಿ ಇದೆ. ಗೌಸ್ ನೂರು ಸಂಖ್ಯೆಗಳನ್ನು ನೋಡಿದ ಹಾಗೆ ರನ್ನನೂ ಕತೆಯನ್ನು ನಿಲ್ಲಬೇಕಾದ ಜಾಗದಲ್ಲಿ ನಿಂತು ನೋಡಿದ. ಆದರೂ ಅವನ ಈ ಸಂಕ್ಷೇಪಕ್ಕೆ ವ್ಯಾಸರ ವಿಸ್ತಾರ ಬೇಕಿತ್ತು, ಪಂಪನ ಹದಿಮೂರನೆಯ ಆಶ್ವಾಸ ಬೇಕಿತ್ತು, ಕತೆ ಗೊತ್ತಿದ್ದ ಕೇಳುಗರು ಬೇಕಿತ್ತು. ಅವರಿಲ್ಲದಿದ್ದರೆ ಒಂದೊಂದು ನೆನಪಿಗೂ ಟಿಪ್ಪಣಿ ಬರೆಯುತ್ತ ಅವನೂ ಉದ್ದವಾಗುತ್ತಿದ್ದ.

ಇಲ್ಲಿಗೆ ಕಂಪ್ಯೂಟರಿನವರ ಒಂದು ಪ್ರಸಿದ್ಧ ಪ್ರಸಂಗ ನೆನಪಾಗುತ್ತದೆ. 1986ರಲ್ಲಿ ಜಾನ್ ಬೆಂಟ್ಲಿ ತಮ್ಮ ಅಂಕಣಕ್ಕಾಗಿ ಒಂದು ಕೆಲಸ ಕೊಟ್ಟರು. ಒಂದು ಬರಹದಲ್ಲಿ ಹೆಚ್ಚು ಸಲ ಬಂದ ಪದಗಳು ಯಾವುವು, ಒಂದೊಂದೂ ಎಷ್ಟು ಸಲ, ಪಟ್ಟಿ ಮಾಡಿ. ಡೊನಾಲ್ಡ್ ಕ್ನೂತ್ ಅದನ್ನು ವಿವರಣೆ ಸಮೇತ ಪ್ರಬಂಧದ ಹಾಗೆ ಹಲವಾರು ಪುಟ ಬರೆದರು. ಪದಗಳನ್ನು ಕೂಡಿಡುವ ಒಂದು ಜಾಣ ರಚನೆಯನ್ನು ಅದರೊಳಗೇ ಕಟ್ಟಿದ್ದರು. ವಿಮರ್ಶಿಸಬೇಕಾಗಿದ್ದ ಡಗ್ಲಸ್ ಮಕಿಲ್ರಾಯ್ ಅದನ್ನು ಮೆಚ್ಚಿ, ಜೊತೆಗೆ ಯುನಿಕ್ಸಿನ ಸಿದ್ಧ ಸಲಕರಣೆಗಳನ್ನು ಒಂದಕ್ಕೊಂದು ಜೋಡಿಸಿ ಆರೇ ಸಾಲಿನಲ್ಲಿ ಅದೇ ಕೆಲಸ ಮಾಡಿ ತೋರಿಸಿದರು. ಅಕ್ಷರವಲ್ಲದ್ದನ್ನು ಸಾಲು ಮುರಿತ ಮಾಡು, ದೊಡ್ಡಕ್ಷರವನ್ನು ಚಿಕ್ಕದು ಮಾಡು, ಅಕಾರಾದಿಯಾಗಿ ಹೊಂದಿಸು, ಒಂದೇ ಆದವನ್ನು ಎಣಿಸು, ಎಣಿಕೆಯ ಪ್ರಕಾರ ಹೊಂದಿಸು, ಬೇಕಾದಷ್ಟಕ್ಕೆ ನಿಲ್ಲಿಸು. ಹೊಂದಿಸುವ, ಎಣಿಸುವ ಆ ಸಲಕರಣೆಗಳನ್ನು ಹಿಂದೆ ಯಾರೋ ವರ್ಷಗಟ್ಟಲೆ ತಿದ್ದಿ ತೀಡಿ ಇಟ್ಟಿದ್ದರು. ಬನಹಟ್ಟಿಯ ದಾರದ ಕಟ್ಟು ಅಲ್ಲಿ ಮೊದಲೇ ಆಗಿತ್ತು.

ಆ ಆರು ಸಾಲಿಗೆ ರನ್ನನ ಗದಾಯುದ್ಧ ಕೊಟ್ಟರೆ ಏನಾಗುತ್ತದೆ? ಮೊದಲ ಸಾಲೇ ಕಾವ್ಯವನ್ನೆಲ್ಲ ಅಳಿಸಿಹಾಕುತ್ತದೆ. ಅಲ್ಲಿ ಅಕ್ಷರವೆಂದರೆ ಇಂಗ್ಲಿಷಿನ ಇಪ್ಪತ್ತಾರು ಮಾತ್ರ, ಉಳಿದದ್ದೆಲ್ಲ ಖಾಲಿ ಜಾಗ. ಅದು 1986ರ ಮಾತು, ಈಗ ಯುನಿಕೋಡ್ ಇದೆ ಎನ್ನಬಹುದು. ನಿಜ, 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಯುನಿಕೋಡಿನಲ್ಲಿದೆ. ಆದರೆ ಪೈಥಾನಿನಲ್ಲಿ ಪದ ಹಿಡಿಯಲು ಎಲ್ಲರೂ ಬಳಸುವ ಗುರುತನ್ನು ಕೊಟ್ಟು ನೋಡಿ. ಸ್ವರಚಿಹ್ನೆಗಳನ್ನೂ ಒತ್ತು ತರುವ ಹಲಂತ ಚಿಹ್ನೆಯನ್ನೂ ಅದು ಪದದ ಭಾಗವೆಂದು ಎಣಿಸುವುದಿಲ್ಲ. ಭೀಮ ಹೋಗಿ ಭ, ಮ ಎಂಬ ಎರಡು ಚೂರು. ದುರ್ಯೋಧನ ಹೋಗಿ ದ, ರ, ಯ, ಧನ. ಗದೆಯಿಂದ ತೊಡೆ ಮುರಿಯುವ ಮೊದಲೇ ಆ ಛಲದಂಕಮಲ್ಲ ಇಲ್ಲಿ ನಾಲ್ಕು ತುಂಡಾಗಿರುತ್ತಾನೆ. ರನ್ನನ ಕಾಲದ ೞ ಅಕ್ಷರಕ್ಕೆ ಯುನಿಕೋಡಿನಲ್ಲಿ ಜಾಗವಿದೆ, ಆದರೆ ಅದಕ್ಕೆ ತಪ್ಪಾಗಿ ಫ ಎಂದು ಹೆಸರಿಟ್ಟಿದ್ದಾರೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವುದಿಲ್ಲವೆಂಬುದು ಅಲ್ಲಿನ ನಿಯಮ. ವರ್ಣಮಾಲೆಯ ಸಾಲಿನಲ್ಲೂ ಅದು ಇರಬೇಕಾದ ಜಾಗದಲ್ಲಿಲ್ಲ, ಸ್ವರಚಿಹ್ನೆಗಳೆಲ್ಲ ಮುಗಿದ ಮೇಲೆ ಕೂತಿದೆ. ಇಷ್ಟೆಲ್ಲ ಸರಿಮಾಡಿಕೊಂಡರೂ ಭೀಮಂ, ಭೀಮನಂ, ಭೀಮಂಗೆ, ಭೀಮನೊಳ್ ಎಲ್ಲವೂ ಬೇರೆ ಬೇರೆ ಪದಗಳಾಗಿ ಎಣಿಕೆಯಾಗುತ್ತವೆ. ಸಂಧಿಯಾಗಿ ಕೂಡಿಕೊಂಡವನ್ನು ಬಿಡಿಸುವವರಿಲ್ಲ. ಇಂಗ್ಲಿಷಿನಲ್ಲಿ ಆರು ಸಾಲಾದ ಕೆಲಸಕ್ಕೆ ಕನ್ನಡದಲ್ಲಿ ನೂರಾರು ಸಾಲು ಬೇಕು. ಇದು ಕನ್ನಡದ ಕೊರತೆಯಲ್ಲ. ಸಾಲಿನ ಹಿಂದೆ ಇರಬೇಕಾದ ದಾರ ಕಟ್ಟುವ ಕೆಲಸ ನಮ್ಮ ಪಾಲಿಗೆ ಇನ್ನೂ ಮುಗಿದಿಲ್ಲ, ಅಷ್ಟೇ.

ಮುಗಿದಿಲ್ಲ ಎಂದರೆ ಶುರುವಾಗಿಲ್ಲ ಎಂದಲ್ಲ. ಪ್ರತ್ಯಯ ಯಾವಾಗ ಹೇಗೆ ಹತ್ತುತ್ತದೆ, ಸಂಧಿಯಲ್ಲಿ ಯಾವುದು ಲೋಪ, ಯಾವುದು ಆಗಮ ಎಂದು ಕೇಶಿರಾಜ 13ನೆಯ ಶತಮಾನದಲ್ಲೇ ಶಬ್ದಮಣಿದರ್ಪಣದಲ್ಲಿ ಸೂತ್ರ ಕಟ್ಟಿಟ್ಟಿದ್ದಾನೆ. 1894ರಲ್ಲಿ ಕಿಟೆಲ್ಲರ ನಿಘಂಟು ಬಂತು. ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳ ನಿಘಂಟನ್ನು ದಶಕಗಳ ದುಡಿಮೆಯಿಂದ ಮುಗಿಸಿತು. ಕೆ.ಪಿ. ರಾವ್ ಅವರು ಕನ್ನಡವನ್ನು ಉಚ್ಚಾರದ ಪ್ರಕಾರ ಟೈಪು ಮಾಡುವ ಕೀಲಿಮಣೆಯ ವಿನ್ಯಾಸ ಕೊಟ್ಟರು. ಕನ್ನಡ ಗಣಕ ಪರಿಷತ್ತು ನುಡಿ ತಂತ್ರಾಂಶ ಕೊಟ್ಟಿತು. ಇವತ್ತು ನಮ್ಮ ಮಕ್ಕಳು ಮೊಬೈಲಿನಲ್ಲಿ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಕನ್ನಡ ಬರೆಯುತ್ತಾರಲ್ಲ, ಆ ಸಲೀಸಿನಲ್ಲಿ ಇವರೆಲ್ಲರ ಬೆವರಿದೆ.

ಆದ್ದರಿಂದ ತಂಗಿಯ ಮಗಳಿಗೂ ಅವಳ ಓರಗೆಯವರಿಗೂ ನನ್ನದೊಂದು ಕೋರಿಕೆ. ಗಿಡ್ಡ ಸಾಲು ಬರೆಯಲು ಕಲಿಯಿರಿ, ಅದರ ಸೊಗಸಿಗೆ ಮನಸೋಲಿರಿ, ಅದು ಯಾರ ದುಡಿಮೆಯ ಮೇಲೆ ನಿಂತಿದೆಯೆಂದು ಒಮ್ಮೆ ಒಳಗೆ ಇಳಿದು ನೋಡಿರಿ. ಆಮೇಲೆ ಬದುಕಿನಲ್ಲಿ ಒಂದಾದರೂ ಉದ್ದದ ಕೆಲಸ ಹಿಡಿಯಿರಿ. ಬನಹಟ್ಟಿಯ ಮಗ್ಗದ ಮನೆಗಳಲ್ಲಿ ಆಡುವ ಪದಗಳನ್ನು ಅರ್ಥ, ಚಿತ್ರ ಸಮೇತ ಗಣಕಕ್ಕೆ ತಿಳಿಯುವ ಪಟ್ಟಿ ಮಾಡಬಹುದು. ಮೋಡಿ ದಫ್ತರ ಓದಲು ಯಂತ್ರಕ್ಕೆ ಕಲಿಸಬಹುದು. ಬೀಳಗಿಯ ಮುಳುಗಿದ ಹೊಲಗಳ ಸಂಗತಿಯನ್ನು ಹಿರಿಯರು ಇರುವಾಗಲೇ ಧ್ವನಿಯಲ್ಲಿ ಹಿಡಿದು, ಸರ್ವೆ ನಂಬರಿನೊಂದಿಗೆ ಜೋಡಿಸಿಡಬಹುದು. ಕೇಶಿರಾಜನ ಸೂತ್ರಗಳನ್ನು ಪ್ರೋಗ್ರಾಮಾಗಿ ಬರೆದು ರನ್ನನ ಪದಗಳನ್ನು ಮುರಿಯದಂತೆ ಬಿಡಿಸಬಹುದು. ಒಂದೊಂದೂ ವರ್ಷಗಳನ್ನು ಬೇಡುತ್ತದೆ, ಸಾವಿರಾರು ಸಾಲುಗಳನ್ನು ಬೇಡುತ್ತದೆ. ಮುಂದೆ ಹುಟ್ಟುವ ಯಾರೋ ಒಬ್ಬಳು ಅವನ್ನೆಲ್ಲ ಒಂದೇ ಪದದಿಂದ ಕರೆದು ಕೆಲಸ ಮುಗಿಸಿಕೊಳ್ಳಲಿ. ಅವಳ ಸಾಲು ಗಿಡ್ಡವಾಗಬೇಕಾದರೆ ನಮ್ಮ ಸಾಲು ಈಗ ಉದ್ದವಾಗಬೇಕು. ಹಿಂದಿನವರಿಂದ ಪಡೆದದ್ದನ್ನು ತೀರಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ.